ಒಂದು ನಟ್, ಎರಡು ಸವೆತ: ಹಳೆಯ ಕಾರಿನ ಕ್ಲಚ್ ಕೇಬಲ್

ಪುಣೆಯಿಂದ ಸೊಲ್ಲಾಪುರ, ಹೈದರಾಬಾದುಗಳ ಮೂಲಕ ಮಚಿಲಿಪಟ್ಟಣಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 65, ಬೀದರ್ ಜಿಲ್ಲೆಯನ್ನು ಹಾಯುವಾಗ ಬಸವಕಲ್ಯಾಣದ ದಕ್ಷಿಣಕ್ಕಿರುವ ಸಸ್ತಾಪುರ ಬಂಗ್ಲಾವನ್ನೂ ಅನಂತರ ರಾಜೇಶ್ವರವನ್ನೂ ದಾಟಿ ಹುಮನಾಬಾದನ್ನು ತಲುಪುತ್ತದೆ. ಅಲ್ಲಿ ಬೀದರ್–ಕಲಬುರಗಿ ರಸ್ತೆ ಅದನ್ನು ಅಡ್ಡಹಾಯುತ್ತದೆ. ಲಾರಿಗಳ ದುರಸ್ತಿಗೂ ಬಾಡಿ ಕಟ್ಟುವ ಕೆಲಸಕ್ಕೂ ಹೆಸರಾದ ಬಸವಕಲ್ಯಾಣದ ಆಟೋನಗರ ಈ ಹೆದ್ದಾರಿಯ ಆಸರೆಯಲ್ಲೇ ಬೆಳೆದದ್ದು. ಭಾರಿ ವಾಹನಗಳ ಈ ಸಂತೆಯ ಅಂಚಿನಲ್ಲಿ, ಬಸವಕಲ್ಯಾಣ ಮತ್ತು ಹುಮನಾಬಾದ್ ಎರಡೂ ಊರುಗಳ ಸಣ್ಣ ಗ್ಯಾರೇಜುಗಳಲ್ಲಿ, ಹಳೆಯ ಚಿಕ್ಕ ಕಾರುಗಳ ಆರೈಕೆಯೂ ನಡೆಯುತ್ತದೆ. 1983ರಲ್ಲಿ ಮಾರುಕಟ್ಟೆಗೆ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800, ಮತ್ತು 1984ರಿಂದ 2019ರವರೆಗೆ ತಯಾರಾದ ಓಮ್ನಿ ವ್ಯಾನ್ ಇಂಥವುಗಳಲ್ಲಿ ಮುಖ್ಯವಾದವು. ಖಾಸಗಿ ಕಾರಿನ ನೋಂದಣಿಗೆ ಕಾನೂನು ಕೊಡುವ ಮೊದಲ ಅವಧಿ 15 ವರ್ಷವಾದ್ದರಿಂದ, ಇಂದು ರಸ್ತೆಯಲ್ಲಿ ಉಳಿದಿರುವ ಬಹುತೇಕ ಮಾರುತಿ 800 ಕಾರುಗಳು ಆ ಗಡಿಯನ್ನು ದಾಟಿವೆ ಅಥವಾ ಅದರ ಹತ್ತಿರದಲ್ಲಿವೆ.

ಈ ಎರಡೂ ವಾಹನಗಳಲ್ಲಿ ಚಾಲಕನ ಪಾದಕ್ಕೂ ಕ್ಲಚ್ಚಿಗೂ ನಡುವಿನ ಕೊಂಡಿ ಒಂದು ಉಕ್ಕಿನ ಕೇಬಲ್. ಅದರ ಒಂದು ತುದಿಯಲ್ಲಿರುವ ಹೊಂದಾಣಿಕೆಯ ನಟ್ಟನ್ನು ಕೆಲವು ಸುತ್ತು ತಿರುಗಿಸಿದರೆ ಎಷ್ಟೋ ದೂರುಗಳು ಮಾಯವಾಗುತ್ತವೆ; ಆದ್ದರಿಂದಲೇ ಈ ದುರಸ್ತಿಯನ್ನು ಐದು ನಿಮಿಷದ ಕೆಲಸವೆಂದು ಹಗುರವಾಗಿ ನೋಡುವ ರೂಢಿಯಿದೆ. ಆದರೆ ಆ ನಟ್ಟಿನ ಮೇಲೆ ಪರಸ್ಪರ ವಿರುದ್ಧ ದಿಕ್ಕಿನ ಎರಡು ಸವೆತಗಳು ಕೆಲಸ ಮಾಡುತ್ತವೆ. ಕೇಬಲ್ ಸವೆದಾಗ ಪೆಡಲ್ ಸಡಿಲವಾಗುತ್ತದೆ, ಕ್ಲಚ್ ಪ್ಲೇಟ್ ಸವೆದಾಗ ಪೆಡಲ್ ಬಿಗಿಯಾಗುತ್ತದೆ. ಪೆಡಲ್ ತೋರಿಸುವುದು ಇವೆರಡರ ವ್ಯತ್ಯಾಸವನ್ನು ಮಾತ್ರ. ಆದ್ದರಿಂದ ಪಾನಾ ಕೈಗೆತ್ತಿಕೊಳ್ಳುವ ಮೊದಲು ಬದಲಾವಣೆ ಯಾವ ದಿಕ್ಕಿಗೆ ಆಗಿದೆ, ಎಷ್ಟು ಬೇಗ ಆಗಿದೆ ಎಂಬುದನ್ನು ತಿಳಿಯುವುದೇ ಈ ರೋಗಪತ್ತೆಯ ತಿರುಳು.

ಹಿಡಿಯುವುದು ಮತ್ತು ಬಿಡುವುದು

ಪೆಟ್ರೋಲ್ ಎಂಜಿನ್ ನಿಂತ ಸ್ಥಿತಿಯಿಂದ ಬಲ ಕೊಡಲಾರದು. ಅದು ನಿಮಿಷಕ್ಕೆ ಕೆಲವು ನೂರು ಸುತ್ತುಗಳಾದರೂ ತಿರುಗುತ್ತಿರಬೇಕು. ಕಾರಾದರೋ ಶೂನ್ಯ ವೇಗದಿಂದ ಹೊರಡಬೇಕು. ತಿರುಗುತ್ತಿರುವ ಎಂಜಿನ್ನನ್ನು ನಿಂತಿರುವ ಗೇರುಪೆಟ್ಟಿಗೆಗೆ ಮೆಲ್ಲನೆ ಜೋಡಿಸುವ, ಬೇಕೆಂದಾಗ ಬೇರ್ಪಡಿಸುವ ಸಾಧನವೇ ಕ್ಲಚ್. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರವಿದೆ. ಅದರ ನುಣುಪಾದ ಮುಖಕ್ಕೆ ಎದುರಾಗಿ ಕ್ಲಚ್ ಪ್ಲೇಟ್ ಇದೆ. ಇದರ ಎರಡೂ ಬದಿಗೆ ಘರ್ಷಣೆ ಹೆಚ್ಚಿರುವ ಲೈನಿಂಗ್ ಅನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ, ಮತ್ತು ಇದರ ನಡುಭಾಗ ಗೇರುಪೆಟ್ಟಿಗೆಯ ಶಾಫ್ಟಿಗೆ ಸೇರಿರುತ್ತದೆ. ಕ್ಲಚ್ ಪ್ಲೇಟಿನ ಹಿಂದೆ ಪ್ರೆಶರ್ ಪ್ಲೇಟ್ ಇದ್ದು, ಅದನ್ನು ಡಯಾಫ್ರಮ್ ಸ್ಪ್ರಿಂಗ್ ಎಂಬ ತಟ್ಟೆಯಾಕಾರದ ಉಕ್ಕಿನ ಸ್ಪ್ರಿಂಗ್ ಸದಾ ಫ್ಲೈವೀಲಿನ ಕಡೆಗೆ ಒತ್ತುತ್ತಿರುತ್ತದೆ. ಈ ಒತ್ತಡದಲ್ಲಿ ಮೂರೂ ಒಂದಾಗಿ ತಿರುಗುವುದೇ ಕ್ಲಚ್ ಹಿಡಿದಿರುವ ಸ್ಥಿತಿ.

ಡಯಾಫ್ರಮ್ ಸ್ಪ್ರಿಂಗಿನ ಮಧ್ಯಕ್ಕೆ ಚಾಚಿದ ಬೆರಳುಗಳಂಥ ಪಟ್ಟಿಗಳನ್ನು ಫ್ಲೈವೀಲಿನತ್ತ ತಳ್ಳಿದರೆ, ಸ್ಪ್ರಿಂಗ್ ತನ್ನ ಆಧಾರದ ಉಂಗುರದ ಮೇಲೆ ಹೊರಳಿ ಅದರ ಹೊರ ಅಂಚು ಹಿಂದಕ್ಕೆ ಸರಿಯುತ್ತದೆ, ಪ್ರೆಶರ್ ಪ್ಲೇಟ್ ತನ್ನ ಹಿಡಿತವನ್ನು ಬಿಡುತ್ತದೆ. ಬೆರಳುಗಳನ್ನು ತಳ್ಳುವುದು ರಿಲೀಸ್ ಬೇರಿಂಗ್. ಬೇರಿಂಗನ್ನು ತಳ್ಳುವುದು ಒಂದು ಫೋರ್ಕ್. ಫೋರ್ಕನ್ನು ತಿರುಗಿಸುವುದು ಗೇರುಪೆಟ್ಟಿಗೆಯ ಹೊರಗೆ ಕಾಣುವ ಚಿಕ್ಕ ತೋಳು. ಆ ತೋಳನ್ನು ಎಳೆಯುವುದು ಕೇಬಲ್. ಪಾದದ ಬಲ ಹೀಗೆ ಸನ್ನೆಕೋಲುಗಳ ಸರಣಿಯೊಂದನ್ನು ದಾಟಿ ಹೋಗುವಾಗ ಹಂತಹಂತವಾಗಿ ಹೆಚ್ಚುತ್ತದೆ, ಅದಕ್ಕೆ ತಕ್ಕಂತೆ ಚಲನೆಯ ದೂರ ಕಡಿಮೆಯಾಗುತ್ತದೆ. ಪೆಡಲಿನ ಸನ್ನೆ ಅನುಪಾತ 6 ಎಂದು ಇಟ್ಟುಕೊಂಡರೆ, ತೋಳಿನ ತುದಿಯ 3 ಮಿ.ಮೀ. ಚಲನೆ ಪೆಡಲಿನಲ್ಲಿ 18 ಮಿ.ಮೀ. ಆಗಿ ಕಾಣುತ್ತದೆ. ಬಾನೆಟ್ಟಿನೊಳಗೆ ಕಣ್ಣಿಗೆ ಬೀಳದಷ್ಟು ಸಣ್ಣ ವ್ಯತ್ಯಾಸವನ್ನೂ ಪಾದ ಗುರುತಿಸಬಲ್ಲದು ಎಂಬುದಕ್ಕೆ ಕಾರಣ ಇದೇ.

ಪೆಡಲನ್ನು ಪೂರ್ತಿ ಬಿಟ್ಟಾಗ ರಿಲೀಸ್ ಬೇರಿಂಗ್ ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತಿರಬಾರದು. ಅದಕ್ಕಾಗಿ ಪೆಡಲಿನ ಮೊದಲ ಕೆಲವು ಮಿ.ಮೀ. ಚಲನೆಯನ್ನು ಖಾಲಿ ಬಿಟ್ಟಿರುತ್ತಾರೆ. ಇದನ್ನೇ ಫ್ರೀ ಪ್ಲೇ ಎನ್ನುತ್ತಾರೆ. ಗ್ಯಾರೇಜಿನ ಮಾತಿನಲ್ಲಿ ಬರಿಯ ‘ಪ್ಲೇ’. ಕೇಬಲ್ ಕ್ಲಚ್ಚಿನ ಚಿಕ್ಕ ಕಾರುಗಳಲ್ಲಿ ಇದು ಪೆಡಲಿನ ಬಳಿ ಸಾಮಾನ್ಯವಾಗಿ 15ರಿಂದ 30 ಮಿ.ಮೀ., ತೋಳಿನ ಬಳಿ 2ರಿಂದ 4 ಮಿ.ಮೀ. ಇರುತ್ತದೆ; ನಿಖರ ಅಳತೆಗೆ ಆಯಾ ಕಾರಿನ ಕೈಪಿಡಿಯೇ ಪ್ರಮಾಣ.

ಕೇಬಲ್ ಎಂಬ ಜೋಡಿ

ಇಂಥ ಕೇಬಲ್ಲಿಗೆ ಬೌಡನ್ ಕೇಬಲ್ ಎಂಬ ಹೆಸರು ಬಂದದ್ದು ಅರ್ನೆಸ್ಟ್ ಮಾನಿಂಗ್‌ಟನ್ ಬೌಡನ್ ಅವರಿಂದ. ಅವರು ಬ್ರಿಟನ್ನಿನಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು 1896ರಲ್ಲಿ. ಸೈಕಲ್ಲಿನ ಬ್ರೇಕಿನಲ್ಲಿ ಬಳಕೆಗೆ ಬಂದ ಈ ಸಾಧನ ಮುಂದೆ ಮೋಟಾರುಬೈಕು, ಕಾರು, ವಿಮಾನಗಳಿಗೂ ಹರಡಿತು. ಒಳಗಿನ ತಂತಿ ಮತ್ತು ಹೊರಗಿನ ಕವಚ ಎರಡೂ ಸಮಪಾಲಿನ ಕೆಲಸಗಾರರು ಎಂಬುದೇ ಇದರ ಮರ್ಮ. ಒಳತಂತಿ ಎಳೆತವನ್ನು ಹೊರುತ್ತದೆ. ಸುರುಳಿ ಸುತ್ತಿದ ಉಕ್ಕಿನ ತಂತಿಯಿಂದಾದ ಹೊರಕವಚ ಅಷ್ಟೇ ಪ್ರಮಾಣದ ಒತ್ತಡವನ್ನು ಹೊರುತ್ತದೆ. ಕವಚದ ಎರಡು ತುದಿಗಳಲ್ಲಿ ಒಂದು ಕಾರಿನ ಒಡಲಿಗೆ, ಇನ್ನೊಂದು ಗೇರುಪೆಟ್ಟಿಗೆಯ ಬ್ರಾಕೆಟ್ಟಿಗೆ ಆತುಕೊಂಡಿರುವುದರಿಂದ, ರಬ್ಬರ್ ಮೌಂಟಿಂಗುಗಳ ಮೇಲೆ ಎಂಜಿನ್ ಅಲುಗಾಡಿದರೂ ಪೆಡಲಿನ ಚಲನೆ ಕೆಡುವುದಿಲ್ಲ. ಕವಚ ಕುಗ್ಗಿದರೂ, ಅದು ಆತ ಬ್ರಾಕೆಟ್ ಬಾಗಿದರೂ, ಪೆಡಲಿನ ಹಿಂದಿನ ತಗಡು ಬಿರುಕುಬಿಟ್ಟು ಒಳಸರಿದರೂ, ಒಳತಂತಿ ಉದ್ದವಾದಾಗ ಆಗುವ ಪರಿಣಾಮವೇ ಆಗುತ್ತದೆ. ಆದ್ದರಿಂದ ಕೇಬಲ್ ಸಡಿಲವಾಗಿದೆ ಎಂದು ಕಂಡೊಡನೆ ತಂತಿಯನ್ನೇ ಸಂಶಯಿಸುವುದು ಅರ್ಧ ತನಿಖೆಯಷ್ಟೇ.

ತಂತಿ ‘ಹಿಗ್ಗಿದೆ’ ಎಂಬ ಸಾಮಾನ್ಯ ವಿವರಣೆಯನ್ನು ಲೆಕ್ಕಕ್ಕೆ ಹಚ್ಚಿ ನೋಡಬಹುದು. ಒಂದು ಮೀಟರ್ ಉದ್ದದ, 3.5 ಚದರ ಮಿ.ಮೀ. ಲೋಹದ ಅಡ್ಡಕೊಯ್ತವಿರುವ ಉಕ್ಕಿನ ತಂತಿಯನ್ನು 400 ನ್ಯೂಟನ್ ಬಲದಿಂದ, ಎಂದರೆ ಸುಮಾರು 40 ಕೆ.ಜಿ. ತೂಕ ತೂಗಿಬಿಟ್ಟಷ್ಟು ಬಲದಿಂದ ಎಳೆದರೆ ಅದು ಹಿಗ್ಗುವುದು ಸುಮಾರು 0.6 ಮಿ.ಮೀ.; ಹೊಸೆದ ತಂತಿಯಲ್ಲಿ ಇದು ಇನ್ನೂ ತುಸು ಹೆಚ್ಚಿರಬಹುದು. ಬಲ ತೆಗೆದೊಡನೆ ತಂತಿ ಮತ್ತೆ ಮೊದಲಿನ ಉದ್ದಕ್ಕೆ ಮರಳುತ್ತದೆ, ಏಕೆಂದರೆ ಉಕ್ಕಿನ ಸ್ಥಿತಿಸ್ಥಾಪಕ ಮಿತಿ ಇದಕ್ಕಿಂತ ಬಹಳ ಮೇಲಿದೆ. ಹಾಗಾದರೆ ವರ್ಷಗಳ ಮೇಲೆ ಕಾಣುವ ಹಲವು ಮಿ.ಮೀ. ಸಡಿಲ ಎಲ್ಲಿಂದ ಬರುತ್ತದೆ?

ಬಹುಪಾಲು ಅದು ಕವಚದ ಒಳಗಿನ ಪ್ಲಾಸ್ಟಿಕ್ ಪದರದಿಂದ ಬರುತ್ತದೆ. ಕವಚದೊಳಗೆ ತಂತಿ ಸಲೀಸಾಗಿ ಜಾರಲೆಂದು ನೈಲಾನ್ ಅಥವಾ ಅಂಥದೇ ಪದಾರ್ಥದ ನಳಿಗೆಯೊಂದನ್ನು ಹಾಕಿರುತ್ತಾರೆ. ಬಾಗಿದ ಕವಚದಲ್ಲಿ ತಂತಿಯನ್ನು ಎಳೆದಾಗ ಅದು ಬಾಗಿನ ಒಳಬದಿಗೆ ಒತ್ತಿಕೊಂಡು ಆ ನಳಿಗೆಯನ್ನು ಕೊರೆಯುತ್ತ ಹೋಗುತ್ತದೆ. ಕೊರೆದಷ್ಟೂ ತಂತಿಯ ದಾರಿ ಮೊಟಕಾಗುತ್ತದೆ, ಮೊಟಕಾದಷ್ಟು ತಂತಿ ಹೆಚ್ಚುವರಿಯಾಗಿ ಉಳಿಯುತ್ತದೆ. ಕೇಬಲ್ಲಿನ ಎಲ್ಲ ಬಾಗುಗಳ ಕೋನ ಒಟ್ಟು 180 ಡಿಗ್ರಿ ಇದ್ದು ನಳಿಗೆ ಎಲ್ಲೆಡೆ ಒಂದು ಮಿ.ಮೀ. ಕೊರೆದಿದ್ದರೆ, ಉಳಿಯುವ ಹೆಚ್ಚುವರಿ ಉದ್ದ 3.14 ಮಿ.ಮೀ. ಪೆಡಲ್ ಅನುಪಾತ 6 ಆಗಿದ್ದರೆ ಇದೊಂದೇ 19 ಮಿ.ಮೀ.ಗಳಷ್ಟು ಪ್ಲೇ ಹೆಚ್ಚಿಸುತ್ತದೆ. ಒಳತಂತಿ ಒಂದಿಷ್ಟೂ ಹಿಗ್ಗದೆ, ಹೊರಗೆ ಯಾವ ಗಾಯವೂ ಕಾಣದೆ ಕೇಬಲ್ ಹಳತಾಗುವ ಬಗೆ ಇದು.

ಬಾಗು, ಘರ್ಷಣೆ ಮತ್ತು ಭಾರವಾದ ಪೆಡಲ್

ಬಾಗಿದ ದಾರಿಯಲ್ಲಿ ಎಳೆಯುವ ಹಗ್ಗದ ಘರ್ಷಣೆಗೆ ಒಂದು ವಿಶಿಷ್ಟ ನಿಯಮವಿದೆ. 18ನೆಯ ಶತಮಾನದಲ್ಲಿ ಲಿಯೊನಾರ್ಡ್ ಆಯ್ಲರ್ ಅದನ್ನು ರೂಪಿಸಿದರು, ಅನಂತರ ಯೋಹಾನ್ ಆಲ್ಬರ್ಟ್ ಐಟೆಲ್‌ವೈನ್ ಅದನ್ನು ಎಂಜಿನಿಯರುಗಳ ಬಳಕೆಗೆ ತಂದರು. ಆ ನಿಯಮದ ಪ್ರಕಾರ ಘರ್ಷಣೆಯ ನಷ್ಟ ಬಾಗಿನ ತ್ರಿಜ್ಯವನ್ನು ಅವಲಂಬಿಸದೆ ಒಟ್ಟು ಕೋನವನ್ನೂ ಘರ್ಷಣಾಂಕವನ್ನೂ ಅವಲಂಬಿಸುತ್ತದೆ, ಮತ್ತು ಇವೆರಡರ ಗುಣಲಬ್ಧ ಹೆಚ್ಚಿದಂತೆ ನಷ್ಟ ಘಾತೀಯವಾಗಿ ಏರುತ್ತದೆ. ಒಟ್ಟು 180 ಡಿಗ್ರಿ ಬಾಗಿನ ಕೇಬಲ್ಲಿನಲ್ಲಿ ಘರ್ಷಣಾಂಕ 0.10 ಇದ್ದರೆ, ತೋಳಿನ ಬಳಿ 100 ನ್ಯೂಟನ್ ಬಲ ಸಿಗಲು ಪೆಡಲಿನ ಕಡೆ 137 ನ್ಯೂಟನ್ ಎಳೆಯಬೇಕು. ನಳಿಗೆ ಸವೆದು, ತುಕ್ಕು ಮತ್ತು ದೂಳು ಸೇರಿ ಘರ್ಷಣಾಂಕ 0.25ಕ್ಕೆ ಏರಿದರೆ ಅದೇ ಕೆಲಸಕ್ಕೆ 219 ನ್ಯೂಟನ್ ಬೇಕು. ಮರಳುವಾಗ ಇದೇ ಘರ್ಷಣೆ ಎದುರಿನಿಂದ ಕಾಡುತ್ತದೆ: ಕ್ಲಚ್ಚಿನ ಸ್ಪ್ರಿಂಗ್ 100 ನ್ಯೂಟನ್ನಿನಿಂದ ಎಳೆದರೂ ಪೆಡಲಿಗೆ ತಲುಪುವುದು ಮೊದಲ ಸ್ಥಿತಿಯಲ್ಲಿ 73, ಎರಡನೆಯದರಲ್ಲಿ ಬರಿ 46. ಒತ್ತಲು ಭಾರ, ಬಿಟ್ಟಾಗ ಮಂದವಾಗಿ ಮೇಲೇಳುವ ಪೆಡಲ್ ಎಂಬ ಜೋಡಿ ಲಕ್ಷಣಕ್ಕೆ ಅರ್ಥ ಇಲ್ಲಿದೆ.

ಬೀದರ್, ಹುಮನಾಬಾದ್ ಸುತ್ತಿನ ಪ್ರಸ್ಥಭೂಮಿಯ ನೆಲ ಈ ಘರ್ಷಣೆಗೆ ತನ್ನ ಪಾಲನ್ನೂ ಸೇರಿಸುತ್ತದೆ. ದಖ್ಖನಿನ ಲಾವಾ ಶಿಲೆಯ ಮೇಲೆ ಹೊದಿಕೆಯಂತೆ ಕುಳಿತಿರುವ ಇಲ್ಲಿನ ಲ್ಯಾಟರೈಟ್, ಅಂದರೆ ಜಂಬಿಟ್ಟಿಗೆ, ಕಬ್ಬಿಣದ ಆಕ್ಸೈಡಿನಿಂದ ಕೆಂಪಾದ ಕಲ್ಲು. ಅದರ ದೂಳು ನೈಲಾನಿಗಿಂತ ಎಷ್ಟೋ ಗಡುಸು. ಓಮ್ನಿಯಲ್ಲಿ ಎಂಜಿನ್ ಮುಂದಿನ ಆಸನಗಳ ಕೆಳಗಿದ್ದು ಕೇಬಲ್ ನೆಲಹಾಸಿನ ಅಡಿಯಿಂದ ಹಾಯುವುದರಿಂದ, ಚಕ್ರ ಎರಚುವ ದೂಳು ಮತ್ತು ಮಳೆನೀರಿಗೆ ಅದು ಇನ್ನಷ್ಟು ತೆರೆದುಕೊಂಡಿರುತ್ತದೆ. ತುದಿಯ ರಬ್ಬರ್ ಬೂಟ್ ಹರಿದಿದ್ದರೆ ನೀರು ಒಳನುಗ್ಗಿ ಕೇಬಲ್ ಜೋತುಬಿದ್ದ ತಗ್ಗಿನಲ್ಲಿ ನಿಲ್ಲುತ್ತದೆ. ಇಲ್ಲಿ ಪರೀಕ್ಷಕನಿಗೆ ಒಂದು ಎಚ್ಚರಿಕೆಯೂ ಬೇಕು: ತಂತಿಯ ತುದಿಯಲ್ಲಿ ಕಾಣುವ ಕೆಂಪು ಪುಡಿ ತುಕ್ಕೂ ಆಗಿರಬಹುದು, ಊರಿನ ಮಣ್ಣೂ ಆಗಿರಬಹುದು. ಬಟ್ಟೆಯಿಂದ ಒರೆಸಿದಾಗ ಕೆಳಗೆ ಹೊಳೆಯುವ ಉಕ್ಕು ಕಂಡರೆ ಅದು ಮಣ್ಣು. ಗುಳಿಬಿದ್ದ ಕಂದು ಮೈ ಕಂಡರೆ ತುಕ್ಕು.

ಪೆಡಲ್ ಭಾರವಾದಾಗ ಕೇಬಲ್ಲಿನೊಳಗೆ ಎಂಜಿನ್ ಆಯಿಲ್ ಬಿಡುವ ರೂಢಿ ವ್ಯಾಪಕವಾಗಿದೆ. ಪ್ಲಾಸ್ಟಿಕ್ ನಳಿಗೆಯಿರುವ ಕೇಬಲ್ಲುಗಳನ್ನು ಸಾಮಾನ್ಯವಾಗಿ ಹೊರಗಿನಿಂದ ಎಣ್ಣೆ ಬೇಡದ ಹಾಗೆ ತಯಾರಿಸಿರುತ್ತಾರೆ. ಎಣ್ಣೆ ಕೆಲವು ದಿನ ಹಗುರವಾಗಿಸಿ, ಅನಂತರ ದೂಳನ್ನು ಹಿಡಿದಿಟ್ಟು ಅರೆಯುವ ಸರಿಯಂತಾಗಿ ನಳಿಗೆಯನ್ನು ಇನ್ನೂ ಬೇಗ ಸವೆಸುತ್ತದೆ. ಗ್ರೀಸ್ ಬೇಕಾದುದು ಪೆಡಲಿನ ಕೊಕ್ಕೆಗೆ, ಅದರ ಬುಷ್‌ಗೆ, ತೋಳಿನ ಕೀಲಿಗೆ.

ಎಳೆಗಳ ದಣಿವು

ಕೇಬಲ್ಲಿನ ಒಳತಂತಿ ಒಂಟಿ ಸರಳಲ್ಲ, ಹಲವು ತೆಳು ಎಳೆಗಳ ಹೊಸೆತ. ಇದಕ್ಕೆ ಕಾರಣ ಸರಳ ಗಣಿತ. ವಸ್ತುವೊಂದನ್ನು ಬಾಗಿಸಿದಾಗ ಅದರ ಹೊರಮೈ ಹಿಗ್ಗುವ ಪ್ರಮಾಣ, ಎಳೆಯ ದಪ್ಪವನ್ನು ಬಾಗಿನ ವ್ಯಾಸದಿಂದ ಭಾಗಿಸಿದಷ್ಟು. 80 ಮಿ.ಮೀ. ವ್ಯಾಸದ ಬಾಗಿನಲ್ಲಿ 2.5 ಮಿ.ಮೀ. ದಪ್ಪದ ಸರಳು ಹೋಗಬೇಕೆಂದರೆ ಅದರ ಹೊರಮೈ ಶೇಕಡಾ 3ಕ್ಕೂ ಹೆಚ್ಚು ಹಿಗ್ಗಬೇಕಾಗುತ್ತದೆ. ಯಾವ ಸ್ಪ್ರಿಂಗ್ ಉಕ್ಕೂ ಅಷ್ಟು ಹಿಗ್ಗಿ ಮತ್ತೆ ಮೊದಲಿನ ರೂಪಕ್ಕೆ ಬಾರದು. ಅದೇ ಬಾಗಿನಲ್ಲಿ 0.4 ಮಿ.ಮೀ. ಎಳೆಯ ಹಿಗ್ಗು ಶೇಕಡಾ 0.5 ಮಾತ್ರ. ಜರ್ಮನಿಯ ಹಾರ್ಜ್ ಪರ್ವತಪ್ರದೇಶದ ಕ್ಲೌಸ್ಟಾಲ್ ಗಣಿಗಳ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ 1834ರಲ್ಲಿ ಕಬ್ಬಿಣದ ತಂತಿಗಳನ್ನು ಹೊಸೆದ ಹಗ್ಗವನ್ನು ಗಣಿಗೆ ತಂದದ್ದೂ, ಮತ್ತೆಮತ್ತೆ ಭಾರ ಬಿದ್ದು ಸರಪಳಿಗಳು ತುಂಡಾಗುವುದನ್ನು ಅದಕ್ಕೂ ಮೊದಲೇ ಪ್ರಯೋಗಕ್ಕೆ ಒಳಪಡಿಸಿದ್ದೂ ಒಂದೇ ಚಿಂತನೆಯ ಎರಡು ಫಲಗಳು. ಒಂದು ಸಲ ಸಲೀಸಾಗಿ ತಡೆದುಕೊಳ್ಳುವ ಭಾರವೇ ಲಕ್ಷಾಂತರ ಸಲ ಮರುಕಳಿಸಿದಾಗ ಲೋಹದಲ್ಲಿ ಸೂಕ್ಷ್ಮ ಬಿರುಕು ಹುಟ್ಟಿ ಬೆಳೆಯುವ ಈ ವಿದ್ಯಮಾನಕ್ಕೆ ಲೋಹದ ದಣಿವು ಎಂದು ಹೆಸರು.

ಕ್ಲಚ್ ಕೇಬಲ್ ದಣಿಯುವುದು ಸಾಮಾನ್ಯವಾಗಿ ಎರಡೇ ಎಡೆಗಳಲ್ಲಿ: ಪೆಡಲಿನ ಕೊಕ್ಕೆಗೆ ಸಿಕ್ಕಿಸುವ ತುದಿಯ ಗುಂಡಿನ ಬುಡದಲ್ಲಿ, ಮತ್ತು ತಂತಿ ಕವಚದಿಂದ ಹೊರಬಂದು ಬಾಗುವ ಬಾಯಿಯಲ್ಲಿ. ಇಲ್ಲಿ ಎಳೆಗಳು ಒಂದೊಂದಾಗಿ ತುಂಡಾಗಿ ಮುಳ್ಳಿನಂತೆ ಹೊರಚಾಚುತ್ತವೆ. ಉಳಿದ ಎಳೆಗಳ ಮೇಲೆ ಭಾರ ಹೆಚ್ಚುವುದರಿಂದ ಅವು ಇನ್ನೂ ಬೇಗ ತುಂಡಾಗುತ್ತವೆ. ಮೊದಲ ಎಳೆ ಹೋಗಲು ವರ್ಷಗಳು ಹಿಡಿದರೂ ಕೊನೆಯ ಕೆಲವು ಎಳೆಗಳು ಒಂದೆರಡು ದಿನಗಳಲ್ಲೇ ಹೋಗಬಹುದು. ಜನವರಿಯ ವೀರಭದ್ರೇಶ್ವರ ಜಾತ್ರೆಯ ಜನಸಂದಣಿಯಲ್ಲಿ ಹುಮನಾಬಾದಿನ ಬೀದಿಗಳನ್ನು ದಾಟುವ ಕಾರಾಗಲಿ, ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯತ್ತ ಹೊರಟ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ತೆವಳುವ ಕಾರಾಗಲಿ, ಅಷ್ಟೇ ದೂರವನ್ನು ತೆರವಾದ ಹೆದ್ದಾರಿಯಲ್ಲಿ ಕ್ರಮಿಸುವ ಕಾರಿಗಿಂತ ಹಲವು ಪಟ್ಟು ಹೆಚ್ಚು ಸಲ ಕ್ಲಚ್ ಒತ್ತಿಸಿಕೊಳ್ಳುತ್ತದೆ. ಕೇಬಲ್ಲಿನ ಆಯುಷ್ಯವನ್ನು ಕಿಲೋಮೀಟರುಗಳಲ್ಲಿ ಹೇಳುವುದು ಈ ಕಾರಣದಿಂದ ಅಷ್ಟಾಗಿ ನೆಚ್ಚತಕ್ಕ ಮಾತಲ್ಲ.

ಎದುರು ದಿಕ್ಕಿನ ಸವೆತಗಳು

ಕ್ಲಚ್ ಪ್ಲೇಟಿನ ಲೈನಿಂಗ್ ತೆಳುವಾದಂತೆ ಪ್ರೆಶರ್ ಪ್ಲೇಟ್ ಫ್ಲೈವೀಲಿಗೆ ಇನ್ನಷ್ಟು ಹತ್ತಿರ ಸರಿಯುತ್ತದೆ. ಆಗ ಡಯಾಫ್ರಮ್ ಸ್ಪ್ರಿಂಗಿನ ಹೊರ ಅಂಚು ಆ ಕಡೆಗೆ ಹೋಗಿ, ಆಧಾರದ ಉಂಗುರದ ಈಚೆಗಿನ ಬೆರಳುಗಳು ರಿಲೀಸ್ ಬೇರಿಂಗಿನತ್ತ ಚಾಚಿಕೊಳ್ಳುತ್ತವೆ. ಬೆರಳುಗಳ ಸನ್ನೆ ಅನುಪಾತದಿಂದಾಗಿ ಪ್ಲೇಟಿನ ಸಣ್ಣ ಸವೆತವೂ ಇಲ್ಲಿ ಕೆಲವು ಪಟ್ಟು ದೊಡ್ಡದಾಗಿ, ಪೆಡಲಿನ ಹೊತ್ತಿಗೆ ಮತ್ತೂ ದೊಡ್ಡದಾಗಿ ಕಾಣುತ್ತದೆ. ಪರಿಣಾಮವಾಗಿ ಪ್ಲೇ ಕಡಿಮೆಯಾಗುತ್ತ ಬಂದು ಶೂನ್ಯ ತಲುಪುತ್ತದೆ. ಅದರ ಆಚೆಗೆ ಬೇರಿಂಗ್ ಬೆರಳುಗಳನ್ನು ಸದಾ ಒತ್ತುತ್ತಿದ್ದು, ಚಾಲಕ ಪಾದ ತೆಗೆದಾಗಲೂ ಕ್ಲಚ್ ಅರ್ಧ ಒತ್ತಿದಂತೆಯೇ ಇರುತ್ತದೆ. ಪ್ಲೇಟ್ ಜಾರುತ್ತದೆ, ಜಾರಿದಷ್ಟೂ ಕಾಯುತ್ತದೆ, ಕಾದಷ್ಟೂ ಬೇಗ ಸವೆಯುತ್ತದೆ.

ಕೇಬಲ್ ಕಡೆಯ ಸವೆತಗಳೆಲ್ಲ, ಅಂದರೆ ನಳಿಗೆಯ ಕೊರೆತ, ಎಳೆಗಳ ತುಂಡಾಗುವಿಕೆ, ಕವಚದ ಕುಗ್ಗುವಿಕೆ, ಪೆಡಲ್ ಬುಷ್ ಮತ್ತು ಫೋರ್ಕಿನ ಕೀಲುಗಳ ಸವೆತ, ಪ್ಲೇಯನ್ನು ಹೆಚ್ಚಿಸುತ್ತವೆ. ಆಗ ಪೆಡಲನ್ನು ನೆಲಕ್ಕೆ ಮುಟ್ಟಿಸಿದರೂ ಬೇರಿಂಗ್ ಸಾಕಷ್ಟು ದೂರ ಚಲಿಸದೆ ಕ್ಲಚ್ ಪೂರ್ತಿ ಬಿಡುವುದಿಲ್ಲ. “ಗೇರ್ ಬೀಳವಲ್ದು” ಎಂಬ ದೂರಿನೊಂದಿಗೆ ಗ್ಯಾರೇಜಿಗೆ ಬರುವ ಕಾರು ಸಾಮಾನ್ಯವಾಗಿ ಈ ಬಗೆಯದು. “ಪಿಕಪ್ ಇಲ್ಲ” ಎಂಬ ದೂರಿನೊಂದಿಗೆ ಬರುವುದು, ಎಂಜಿನ್ ಸರಿಯಿದ್ದಲ್ಲಿ, ಹಿಂದಿನ ಬಗೆಯದು. ಮೊದಲನೆಯದಕ್ಕೆ ನಟ್ ಬಿಗಿಮಾಡಬೇಕು, ಎರಡನೆಯದಕ್ಕೆ ಸಡಿಲಿಸಬೇಕು. ನಟ್ ಬಿಗಿಯಾದಷ್ಟೂ ಕ್ಲಚ್ಚಿನ ಹಿಡಿತ ಸಡಿಲವಾಗುವತ್ತ ಸಾಗುತ್ತದೆ ಎಂಬ ಈ ವಿಲೋಮವನ್ನು ಮರೆತು, ಜಾರುತ್ತಿರುವ ಕ್ಲಚ್ಚಿನ ಕೇಬಲ್ಲನ್ನು ಬಿಗಿಗೊಳಿಸಿದರೆ ಉಳಿದ ಲೈನಿಂಗ್ ಕೆಲವೇ ದಿನಗಳಲ್ಲಿ ಸುಟ್ಟುಹೋಗುತ್ತದೆ.

ಇನ್ನೂ ಸೂಕ್ಷ್ಮವಾದ ಸ್ಥಿತಿಯೊಂದಿದೆ. ಪ್ಲೇಟ್ ಮತ್ತು ಕೇಬಲ್ ಸರಿಸುಮಾರು ಒಂದೇ ಗತಿಯಲ್ಲಿ ಸವೆದರೆ ಪ್ಲೇ ಬದಲಾಗುವುದೇ ಇಲ್ಲ. ಎರಡೂ ಕೊನೆಯ ಹಂತದಲ್ಲಿದ್ದರೂ ಪೆಡಲಿನ ಅಳತೆ ಕೈಪಿಡಿಯ ಮಿತಿಯೊಳಗೇ ಬರಬಹುದು. ಆದ್ದರಿಂದ ಪ್ಲೇ ಸರಿಯಿದೆ ಎಂಬುದು ಆರೋಗ್ಯದ ಪ್ರಮಾಣಪತ್ರವಾಗಲಾರದು. ಹಿಡಿತವನ್ನೂ ಬಿಡುಗಡೆಯನ್ನೂ ಕೇಬಲ್ಲನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು.

ಪರೀಕ್ಷೆಯ ಕ್ರಮ

ಮೊದಲು ಬಿಡುಗಡೆ. ಎಂಜಿನ್ ನಿಷ್ಕ್ರಿಯ ವೇಗದಲ್ಲಿ ತಿರುಗುತ್ತಿರುವಾಗ ಪೆಡಲನ್ನು ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡು ತಡೆದು ರಿವರ್ಸ್ ಗೇರಿಗೆ ಹಾಕಬೇಕು. ಈ ಹಳೆಯ ಕಾರುಗಳ ರಿವರ್ಸ್ ಗೇರಿಗೆ, ಹಲ್ಲುಗಳ ವೇಗವನ್ನು ಮೊದಲೇ ಸಮಗೊಳಿಸುವ ಸಿಂಕ್ರೊ ವ್ಯವಸ್ಥೆ ಇರುವುದಿಲ್ಲ. ಕ್ಲಚ್ ಪೂರ್ತಿ ಬಿಟ್ಟಿದ್ದರೆ ಅಷ್ಟು ಹೊತ್ತಿಗೆ ಒಳಗಿನ ಶಾಫ್ಟ್ ನಿಂತು ಗೇರ್ ಸದ್ದಿಲ್ಲದೆ ಬೀಳುತ್ತದೆ. ಕರಕರ ಸದ್ದು ಬಂದರೆ ಕ್ಲಚ್ ಇನ್ನೂ ಎಳೆಯುತ್ತಿದೆ ಎಂದರ್ಥ.

ಅನಂತರ ಹಿಡಿತ. ಕಲಬುರಗಿ ಕಡೆಯಿಂದ ಹುಮನಾಬಾದಿನತ್ತ ಏರುವ ಘಾಟಿನಂಥ ಚಡಾವಿನಲ್ಲಿ, ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಏರಿಯೂ ಕಾರಿನ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ನಿಂತಲ್ಲೇ ನೋಡಬೇಕಾದರೆ, ಮುಂದೆ ಬಯಲಿರುವ ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಕಾಲುಬ್ರೇಕನ್ನೂ ಒತ್ತಿ, ಮೂರನೆಯ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಎಂಜಿನ್ ಕೂಡಲೇ ನಿಂತುಹೋಗಬೇಕು. ಇದು ಪ್ಲೇಟನ್ನು ಕಾಯಿಸುವ ಪರೀಕ್ಷೆಯಾದ್ದರಿಂದ ಒಂದೇ ಸಲ ಮಾಡತಕ್ಕದ್ದು. ಪ್ಲೇ ಸರಿಯಿದ್ದೂ ಕ್ಲಚ್ ಜಾರಿದರೆ ಕಾರಣ ಲೈನಿಂಗಿನ ಮೇಲೆ ಬಿದ್ದ ಎಣ್ಣೆಯೋ, ಬಲಗುಂದಿದ ಸ್ಪ್ರಿಂಗೋ, ತೀರ ಸವೆದ ಪ್ಲೇಟೋ ಆಗಿರುತ್ತದೆ. ಯಾವುದಕ್ಕೂ ನಟ್ಟಿನಲ್ಲಿ ಮದ್ದಿಲ್ಲ.

ಮೂರನೆಯದಾಗಿ ಕೇಬಲ್. ಎರಡೂ ತುದಿಗಳನ್ನು ಟಾರ್ಚಿನ ಬೆಳಕಿನಲ್ಲಿ ನೋಡಿ, ಬರಿಗೈ ಬದಲು ಬಟ್ಟೆಯನ್ನು ತಂತಿಯ ಮೇಲೆ ಎಳೆದರೆ ತುಂಡಾದ ಎಳೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಬ್ಬರು ಪೆಡಲ್ ಒತ್ತುತ್ತಿರುವಾಗ ಬ್ರಾಕೆಟ್ಟನ್ನೂ ಪೆಡಲಿನ ಹಿಂದಿನ ತಗಡನ್ನೂ ಗಮನಿಸಬೇಕು. ಚಲಿಸಬೇಕಾದದ್ದು ತೋಳು ಮಾತ್ರ, ಕವಚ ಆತುಕೊಂಡ ಎಡೆಗಳು ಅಲುಗಬಾರದು. ತೋಳಿನ ತುದಿಯಿಂದ ಕೇಬಲ್ಲನ್ನು ಬಿಡಿಸಿ ಒಳತಂತಿಯನ್ನು ಕೈಯಿಂದ ಹಿಂದೆಮುಂದೆ ಎಳೆದಾಗ ಅದು ತೊಡರದೆ ಜಾರಬೇಕು.

ಹೊಂದಿಸುವ ಕ್ರಮ

ಕಾರು ಸಮತಟ್ಟಾದ ನೆಲದಲ್ಲಿ, ಎಂಜಿನ್ ಆರಿ ತಣ್ಣಗಾಗಿ, ಚಕ್ರಗಳಿಗೆ ಕಲ್ಲು ಕೊಟ್ಟು ನಿಂತಿರಬೇಕು. ಮಾರುತಿ 800ರಲ್ಲಿ ಕೆಲಸ ಬಾನೆಟ್ ಎತ್ತಿದರೆ ಕಾಣುವ ಜಾಗದಲ್ಲೇ ಆಗುತ್ತದೆ; ಓಮ್ನಿಯಲ್ಲಿ ಅಡಿಗೆ ಹೋಗಬೇಕಾದ್ದರಿಂದ ಗ್ಯಾರೇಜಿನ ಗುಂಡಿಯೋ ಗಟ್ಟಿ ಸ್ಟ್ಯಾಂಡುಗಳೋ ಬೇಕು, ಬರಿಯ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಹೋಗುವುದು ಪ್ರಾಣಾಪಾಯ. ಪೆಡಲಿನ ಪಕ್ಕದಲ್ಲಿ ಉಕ್ಕಿನ ಸ್ಕೇಲ್ ನಿಲ್ಲಿಸಿ, ಪಾದದ ಬದಲು ಬೆರಳಿನಿಂದ ಪೆಡಲನ್ನು ಮೆಲ್ಲನೆ ಒತ್ತುತ್ತ ಹೋದರೆ ಮೊದಲು ಹಗುರವಾಗಿ ಚಲಿಸಿ ಒಂದು ಬಿಂದುವಿನಲ್ಲಿ ತಡೆ ಎದುರಾಗುತ್ತದೆ. ಅಲ್ಲಿಯವರೆಗಿನ ದೂರವೇ ಪ್ಲೇ. ಈ ಅಳತೆಯನ್ನು ನಟ್ ಮುಟ್ಟುವ ಮೊದಲೇ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ನಟ್ ತಿರುಗಿದ ಮೇಲೆ ಆ ಸಾಕ್ಷ್ಯ ಅಳಿಸಿಹೋಗುತ್ತದೆ.

ನಟ್ಟಿನ ಥ್ರೆಡ್ಡನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಕೊಂಚ ಕಾಯಬೇಕು. ಕೇಬಲ್ಲಿನ ತುದಿಯ ಸರಳನ್ನು ಪಕ್ಕಡದಿಂದ ಅಲುಗದಂತೆ ಹಿಡಿದು ಪಾನಾದಿಂದ ನಟ್ಟನ್ನು ತಿರುಗಿಸಬೇಕು. ಸರಳೂ ಜೊತೆಗೆ ತಿರುಗಿದರೆ ಒಳತಂತಿಯ ಹೊಸೆತ ಬಿಚ್ಚಿಕೊಳ್ಳುತ್ತದೆ. ಥ್ರೆಡ್ಡಿನ ಅಂತರ 1 ಮಿ.ಮೀ. ಆಗಿದ್ದು ಪೆಡಲ್ ಅನುಪಾತ 6 ಇದ್ದರೆ ನಟ್ಟಿನ ಒಂದು ಸುತ್ತಿಗೆ ಪೆಡಲಿನಲ್ಲಿ 6 ಮಿ.ಮೀ. ವ್ಯತ್ಯಾಸವಾಗುವುದರಿಂದ ಅರ್ಧರ್ಧ ಸುತ್ತಾಗಿ ಮುಂದುವರಿಯುವುದು ಜಾಣತನ. ಪ್ರತಿ ಹಂತದಲ್ಲೂ ಪೆಡಲನ್ನು ಹಲವು ಸಲ ಒತ್ತಿ ಬಿಟ್ಟು, ಕವಚ ತನ್ನ ಜಾಗದಲ್ಲಿ ಕೂತ ಮೇಲೆ ಮತ್ತೆ ಅಳೆಯಬೇಕು. ಕೊನೆಯಲ್ಲಿ ರಿವರ್ಸ್ ಗೇರಿನ ಪರೀಕ್ಷೆಯನ್ನೂ ಹಿಡಿತದ ಪರೀಕ್ಷೆಯನ್ನೂ ಮತ್ತೊಮ್ಮೆ ಮಾಡಬೇಕು. ಪ್ಲೇಯನ್ನು ಶೂನ್ಯಕ್ಕೆ ಇಳಿಸಿ ಪೆಡಲನ್ನು ‘ಚುರುಕು’ ಮಾಡುವುದು ರಿಲೀಸ್ ಬೇರಿಂಗಿಗೆ ಬಿಡುವಿಲ್ಲದ ಕೆಲಸ ಹಚ್ಚಿದಂತೆ.

ಹೊಸ ಕೇಬಲ್ಲೂ ಬೇಗ ಕೆಟ್ಟರೆ

ಎಳೆ ತುಂಡಾಗಿರುವ, ಎಳೆದಾಗ ತೊಡರುವ, ಅಥವಾ ಥ್ರೆಡ್ ಮುಗಿದು ನಟ್ ಮುಂದೆ ಹೋಗದ ಕೇಬಲ್ಲನ್ನು ಬದಲಾಯಿಸುವುದೊಂದೇ ದಾರಿ. ಹಳೆಯ ಬಿಡಿಭಾಗಗಳನ್ನು ಮತ್ತೆ ಬಳಸುವುದು ವಾಹನದ ಎಷ್ಟೋ ಅಂಗಗಳಿಗೆ ಸರಿಹೊಂದಿದರೂ, ದಣಿವು ಹೊರಗೆ ಕಾಣದ ಕಾರಣ ಗುಜರಿ ಕಾರಿನಿಂದ ಬಿಚ್ಚಿದ ಕೇಬಲ್ಲಿಗೆ ಅದು ಸಲ್ಲದು. ಕೆಲವು ಕಾರುಗಳಲ್ಲಿ ಹೊಸ ಕೇಬಲ್ಲೂ ತಿಂಗಳುಗಳಲ್ಲೇ ಭಾರವಾಗಿಬಿಡುತ್ತದೆ. ಬಿಚ್ಚಿ ನೋಡಿದರೆ ನಳಿಗೆ ಕರಗಿ ತಂತಿಗೆ ಅಂಟಿರುತ್ತದೆ. ಕೇಬಲ್ ಸೈಲೆನ್ಸರಿನ ಬಿಸಿ ಕೊಳವೆಗೆ ತಗಲುತ್ತಿಲ್ಲವೆಂದಾದರೆ ಕಾರಣವನ್ನು ವಿದ್ಯುತ್ತಿನಲ್ಲಿ ಹುಡುಕಬೇಕು.

ಎಂಜಿನ್ ಚಾಲೂ ಮಾಡುವ ಸ್ಟಾರ್ಟರ್ ಮೋಟಾರು ನೂರು ಆಂಪಿಯರ್ ಆಸುಪಾಸಿನ ವಿದ್ಯುತ್ತನ್ನು ಸೆಳೆಯುತ್ತದೆ, ಮತ್ತು ಅದು ಎಂಜಿನ್ನಿನಿಂದ ಬ್ಯಾಟರಿಗೆ ಮರಳುವುದು ಅರ್ಥಿಂಗ್ ಪಟ್ಟಿಯ ಮೂಲಕ. ಹಳೆಯ ಕಾರಿನಲ್ಲಿ ಆ ಪಟ್ಟಿ ತುಕ್ಕು ಹಿಡಿದಿದ್ದರೆ ವಿದ್ಯುತ್ತು ಎಂಜಿನ್ನನ್ನೂ ಒಡಲನ್ನೂ ಜೋಡಿಸುವ ಬೇರೆ ಲೋಹದ ದಾರಿ ಹಿಡಿಯುತ್ತದೆ. ಕ್ಲಚ್ ಕೇಬಲ್ ಅಂಥ ಸುಲಭದ ದಾರಿ. ತೆಳು ಉಕ್ಕಿನ ರೋಧ ಹೆಚ್ಚು, ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣ. ಹೀಗೆ ಪ್ರತಿ ಸಲ ಕೀಲಿ ತಿರುಗಿಸಿದಾಗಲೂ ಕೇಬಲ್ ಕಾಯುತ್ತದೆ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ಋಣ ತುದಿಗೂ ಎಂಜಿನ್ನಿನ ಬರಿ ಲೋಹಕ್ಕೂ ನಡುವೆ ಮಲ್ಟಿಮೀಟರ್ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಪಟ್ಟಿಯನ್ನು ಶುಚಿಗೊಳಿಸಬೇಕು ಅಥವಾ ಬದಲಾಯಿಸಬೇಕು. ಇಲ್ಲವಾದರೆ ಎಷ್ಟು ಕೇಬಲ್ ಹಾಕಿದರೂ ಫಲ ಒಂದೇ.

ಹೊಂದಾಣಿಕೆಯ ನಟ್ಟಿನಾಚೆ ಹೊರಚಾಚಿದ ಥ್ರೆಡ್ಡಿನ ಉದ್ದ ಕಾರಿನ ಕ್ಲಚ್ಚಿನ ಇತಿಹಾಸವನ್ನು ಭಾಗಶಃ ಹೇಳುತ್ತದೆ: ಅದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ ಕೇಬಲ್ ಕಡೆಯ ಸವೆತ ಮುಂದಿದೆ, ಕಡಿಮೆಯಾಗುತ್ತಿದ್ದರೆ ಪ್ಲೇಟಿನ ಸವೆತ ಮುಂದಿದೆ, ಒಂದೇ ವಾರದಲ್ಲಿ ಎರಡು ಸಲ ಬಿಗಿಮಾಡಬೇಕಾಗಿ ಬಂದರೆ ಎಲ್ಲೋ ಏನೋ ಮುರಿಯುತ್ತಿದೆ. ಆದರೆ ಈ ಓದು ಸಾಧ್ಯವಾಗುವುದು ಹಿಂದಿನ ಅಳತೆ ತಿಳಿದಿದ್ದಾಗ ಮಾತ್ರ. ಸರ್ವಿಸ್ ಪುಸ್ತಕದ ಮೂಲೆಯಲ್ಲಿ ದಿನಾಂಕ, ಪ್ಲೇಯ ಅಳತೆ, ನಟ್ ತಿರುಗಿಸಿದ ದಿಕ್ಕು ಮತ್ತು ಸುತ್ತು ಎಂಬ ನಾಲ್ಕು ವಿವರಗಳನ್ನು ಬರೆದಿಡುವ ಮಾಲೀಕ, ಬಸವಕಲ್ಯಾಣದ ಗ್ಯಾರೇಜಿಗೆ ಹೋದರೂ ಹುಮನಾಬಾದಿನದಕ್ಕೆ ಹೋದರೂ, ಗೇರುಪೆಟ್ಟಿಗೆ ಇಳಿಸುವ ದೊಡ್ಡ ಕೆಲಸ ಯಾವಾಗ ಬೇಕು, ಬರಿಯ ಕೇಬಲ್ ಸಾಕಾಗುವುದು ಯಾವಾಗ ಎಂಬುದನ್ನು ಮೆಕ್ಯಾನಿಕ್‌ ಜೊತೆ ಕೂತು ತೀರ್ಮಾನಿಸಬಲ್ಲ.